ಹನ್ನೆರಡು ವಾರದ ಋಣ

ಆರು ತಿಂಗಳ ಪ್ರವಾಸ ಮುಗಿಸಿ ಜರ್ಮನಿಗೆ ಮರಳಿ ಬಂದ ಎರಡನೆಯ ದಿನ ಹಾಲು, ಬ್ರೆಡ್ಡು, ಈರುಳ್ಳಿ ತರಲು ಮನೆಯ ಹತ್ತಿರದ ಅಂಗಡಿಗೆ ಹೋಗಿದ್ದೆ. ಬಿಲ್ ಮಾಡುತ್ತ ಕುಳಿತಿದ್ದ ಮಹಿಳೆಗೆ ಐವತ್ತು ದಾಟಿರಬಹುದು. ಮಧ್ಯಾಹ್ನ ಎರಡು ಗಂಟೆಯಾಗಿತ್ತು, ಅವರ ಮುಖ ಬಾಡಿತ್ತು. "ನಿಮ್ಮ ಊಟ ಆಯಿತೇ?" ಎಂದು ಜರ್ಮನ್ ಭಾಷೆಯಲ್ಲಿ ಕೇಳಿಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ, ನಾಲಿಗೆಗೆ ಅಭ್ಯಾಸವಾಗಿ ಹೋಗಿದ್ದ ಮಾತು. ಅವರ ಕೈ ನಿಂತಿತು. ನನ್ನ ಮುಖವನ್ನೊಮ್ಮೆ, ಸಾಮಾನುಗಳನ್ನೊಮ್ಮೆ ನೋಡಿ, "ಏನಾದರೂ ತಪ್ಪಾಗಿದೆಯೇ?" ಎಂದು ವಿಚಾರಿಸಿದರು. ಹಿಂದಿನ ಸಾಲಿನಲ್ಲಿ ಯಾರೋ ತಮ್ಮ ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿದರು. ಏನೂ ಇಲ್ಲವೆಂದು ಹೇಳಿ ಹಣ ಕೊಟ್ಟು ಹೊರಗೆ ಬಂದೆ. ಸೈಕಲ್ ಕಟ್ಟುವ ಕಂಬಿಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಹನ್ನೊಂದು ವರ್ಷ ಬಾಳಿದ ಊರು ಅದು.

ನಾನು ಸಾಗರದ ಹತ್ತಿರದ ಹಳ್ಳಿಯವಳು. 2013ರಲ್ಲಿ ಓದಲೆಂದು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದೆ, ವಾಹನಗಳ ಬಿಡಿಭಾಗ ವಿನ್ಯಾಸ ಮಾಡುವ ಕೆಲಸ ಸಿಕ್ಕಿ ಇಲ್ಲಿಯೇ ಉಳಿದೆ. 2024ರ ಮೇ 12ರಂದು ಸಂಬಳವಿಲ್ಲದ ರಜೆ ಹಾಕಿ ಒಂದು ಬೆನ್ನುಚೀಲದೊಂದಿಗೆ ಹೊರಟವಳು ವಿಯೆಟ್ನಾಂ, ಲಾವೋಸ್, ಇಂಡೊನೇಷ್ಯಾ, ಶ್ರೀಲಂಕಾ ಸುತ್ತಿ, ಕೊನೆಗೆ ಅಮ್ಮನ ಮನೆಯಲ್ಲಿದ್ದು, ನವೆಂಬರ್ 4ರಂದು ಹಿಂದಿರುಗಿದೆ. ಒಟ್ಟು 176 ದಿನ. ಇನ್ನೊಂದೆರಡು ವಾರ ಇರುವ ಆಸೆಯಿತ್ತು, ಕಾನೂನು ಬಿಡಲಿಲ್ಲ. ಜರ್ಮನಿಯ ಕಾಯಂ ವಾಸದ ಪರವಾನಗಿ ಇರುವ ಹೊರದೇಶದವರು, ಮೊದಲೇ ಅನುಮತಿ ಪಡೆಯದೆ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗೆ ಉಳಿದರೆ, ಸಾಮಾನ್ಯವಾಗಿ ಆ ಪರವಾನಗಿ ತಾನಾಗಿಯೇ ರದ್ದಾಗುತ್ತದೆ. ಜರ್ಮನ್ ಪೌರತ್ವ ಪಡೆದಿದ್ದರೆ ಈ ಭಯವಿರುತ್ತಿರಲಿಲ್ಲ. ನಾನು ಪ್ರವಾಸದಲ್ಲಿದ್ದಾಗಲೇ, ಆ ಜೂನ್ ತಿಂಗಳ ಕೊನೆಗೆ, ಜರ್ಮನಿಯ ಹೊಸ ಕಾನೂನು ಎರಡು ಪೌರತ್ವಗಳಿಗೆ ಒಪ್ಪಿಗೆ ಕೊಟ್ಟಿತು. ಆದರೆ ಭಾರತ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟಿನ ಆ ನೀಲಿ ಪುಸ್ತಕವನ್ನು ಬಿಟ್ಟುಕೊಡಲು ನನಗೆ ಇನ್ನೂ ಮನಸ್ಸು ಬಂದಿಲ್ಲ.

ಅದರಲ್ಲಿ ಕುಲನಾಮದ ಜಾಗದಲ್ಲಿರುವುದು ಅಪ್ಪನ ಹೆಸರು. ನಮ್ಮ ಕಡೆಯ ಅನೇಕರಂತೆ ನನಗೂ ಬೇರೆ ಕುಲನಾಮವಿಲ್ಲ. ಹೀಗಾಗಿ ಜರ್ಮನಿಯಲ್ಲಿ ವೈದ್ಯರಿಂದ ಹಿಡಿದು ಅಂಚೆಯವರವರೆಗೆ ಎಲ್ಲರೂ ನನ್ನನ್ನು, ಹೆಂಗಸರಿಗೆ ಗೌರವದಿಂದ ಹೇಳುವ 'ಫ್ರಾವ್' ಎಂದು ಆರಂಭಿಸಿ ಅಪ್ಪನ ಹೆಸರು ಸೇರಿಸಿ ಕರೆಯುತ್ತಾರೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಮೊದಲೆಲ್ಲ ಈ ಕರೆ ಕಿವಿಗೆ ಒಗ್ಗಿತ್ತು. ಹಿಂದಿರುಗಿದ ಮೇಲೆ ಅದು ನನ್ನನ್ನಲ್ಲ, ಯಾವುದೋ ಕಡತವನ್ನು ಕರೆದಂತೆ ಕೇಳತೊಡಗಿತು.

ಕಾರಣ, ಆ ಆರು ತಿಂಗಳು ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ವಿಯೆಟ್ನಾಮಿನ ಹ್ವೆ ಪಟ್ಟಣದಲ್ಲಿ ರಸ್ತೆ ಬದಿಯ ಪುಟ್ಟ ಪ್ಲಾಸ್ಟಿಕ್ ಮಣೆಯ ಮೇಲೆ ಕುಳಿತ ಮೊದಲ ದಿನವೇ ಅಡುಗೆಯ ಹೆಂಗಸು ಕೈಬೆರಳು ಎಣಿಸಿ ತೋರಿಸುತ್ತ ನನ್ನ ವಯಸ್ಸು ಕೇಳಿದರು. ಆ ಭಾಷೆಯಲ್ಲಿ 'ನಾನು', 'ನೀನು' ಎನ್ನುವ ಜಾಗದಲ್ಲಿ ಹೆಚ್ಚಾಗಿ ನೆಂಟಸ್ತಿಕೆಯ ಪದಗಳೇ ಬರುತ್ತವೆ. ನಾನು ಅಕ್ಕನೋ ತಂಗಿಯೋ ಎಂದು ತಿಳಿಯದೆ ಅವರು ವಾಕ್ಯ ಕಟ್ಟುವುದಾದರೂ ಹೇಗೆ? ನನಗೆ ಮೂವತ್ತೆಂಟು ಎಂದು ತಿಳಿದಾಗ ನಕ್ಕು, ತಮ್ಮ ಎದೆ ಮುಟ್ಟಿಕೊಂಡು 'ಚಿ' ಎಂದರು, ನನ್ನತ್ತ ಕೈ ತೋರಿ 'ಎಮ್' ಎಂದರು. ಅವರು ಅಕ್ಕ, ನಾನು ತಂಗಿ. ಅಲ್ಲಿಂದ ಮುಂದೆ ನಾನು ಮಾಂಸ ತಿನ್ನುವುದಿಲ್ಲ ಎಂಬುದು ಆ ಬೀದಿಗೇ ಗೊತ್ತಾಯಿತು. ಅಮಾವಾಸ್ಯೆ, ಹುಣ್ಣಿಮೆಗಳಿಗೆ ಅಲ್ಲಿ ಬೌದ್ಧರು 'ಚಾಯ್' ಎಂಬ ಸಸ್ಯಾಹಾರದ ಊಟ ಮಾಡುತ್ತಾರೆ. ಆ ದಿನಗಳಂದು ನನಗಾಗಿ ಮಣೆ ಕಾದಿರುತ್ತಿತ್ತು.

ಲಾವೋಸಿನಲ್ಲಿ ಮೆಕಾಂಗ್ ನದಿಯ ನಿಧಾನದ ದೋಣಿಯಲ್ಲಿ ಎರಡು ದಿನ ಕುಳಿತು ಲುವಾಂಗ್ ಪ್ರಬಾಂಗ್ ತಲುಪುವಷ್ಟರಲ್ಲಿ ಪಕ್ಕದ ಅಜ್ಜಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದರು. ಜಾವಾದ ಯೋಗ್ಯಕರ್ತದಲ್ಲಿ ಹಣ್ಣಿನವಳಿಂದ ಹಿಡಿದು ಬಸ್ಸಿನವನವರೆಗೆ ಎಲ್ಲರಿಗೂ ನಾನು 'ಮ್ಬಾಕ್', ಎಂದರೆ ಅಕ್ಕ. ಶ್ರೀಲಂಕಾದ ಕ್ಯಾಂಡಿಯ ಬಸ್ ನಿಲ್ದಾಣದಲ್ಲಿ ನಿರ್ವಾಹಕ ಹುಡುಗನೊಬ್ಬ ಬಾಗಿಲಿನಿಂದ ಬಾಗಿ "ಅಕ್ಕ!" ಎಂದು ಕೂಗಿದಾಗ ಸಾಗರದವರು ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಸಿಂಹಳದಲ್ಲಿಯೂ ಅಕ್ಕ ಅಕ್ಕನೇ. ತಂಗಿ 'ನಂಗಿ', ತಮ್ಮ 'ಮಲ್ಲಿ'. ಇನ್ನೊಂದು ಮಾತಂತೂ ನಾಲ್ಕೂ ದೇಶಗಳಲ್ಲಿ ತಪ್ಪದೆ ಕಿವಿಗೆ ಬಿದ್ದಿತು. ವಿಯೆಟ್ನಾಮಿನಲ್ಲಿ 'ಆನ್ ಕಮ್ ಚುವಾ', ಲಾವೋಸಿನಲ್ಲಿ 'ಕಿನ್ ಖಾವ್ ಲೇವ್ ಬೊ', ಜಾವಾದಲ್ಲಿ 'ಸುದಾ ಮಾಕಾನ್', ಸಿಂಹಳದಲ್ಲಿ 'ಕ್ಯಾವದ'. ಎಲ್ಲದರ ಅರ್ಥವೂ ಒಂದೇ: ಊಟ ಆಯಿತೇ? ಕೊನೆಯಲ್ಲಿ ಅಮ್ಮನ ಮನೆ. ಅಲ್ಲಿ ಈ ಪ್ರಶ್ನೆಗೆ ಲೆಕ್ಕವೇ ಇರಲಿಲ್ಲ.

ದೀಪಾವಳಿಯ ಮೂರು ರಾತ್ರಿ ನಾನು ಹಳ್ಳಿಯಲ್ಲಿದ್ದೆ. ನಮ್ಮ ಮಲೆನಾಡಿನಲ್ಲಿ ಆಗ ಅಂಟಿಕೆ-ಪಂಟಿಕೆಯವರು ಬರುತ್ತಾರೆ. ಹಚ್ಚಿದ ದೀಪವನ್ನು ಆರದಂತೆ ಕಾಪಾಡುತ್ತ ಕತ್ತಲೆಯಲ್ಲಿ ಊರಿಂದೂರಿಗೆ ನಡೆದು, ಮನೆಮನೆಯ ಮುಂದೆ ನಿಂತು ಹಾಡುತ್ತಾರೆ. ಮನೆಯವರು ಎದ್ದು ಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹಚ್ಚಿಕೊಳ್ಳುತ್ತಾರೆ. ರಾತ್ರಿ ಎರಡು ಗಂಟೆಗೆ ನಾನೇ ಎದ್ದು ಅಗುಳಿ ತೆಗೆದೆ. ಬಾಗಿಲ ಬಳಿ ಹೊಗೆ, ಎಣ್ಣೆ, ಒದ್ದೆ ಕಂಬಳಿಯ ವಾಸನೆ. ಬಲಿಪಾಡ್ಯಮಿ ಮುಗಿದ ಮರುದಿನವೇ ಬೆಂಗಳೂರಿನ ಬಸ್ಸು ಹಿಡಿದೆ. ಫ್ರಾಂಕ್‌ಫರ್ಟಿನಲ್ಲಿ ಇಳಿದು, ರೈಲಿನಲ್ಲಿ ಸ್ಟುಟ್‌ಗಾರ್ಟ್ ತಲುಪಿದಾಗ ಸಂಜೆ ಐದು ಗಂಟೆ. ಆಗಲೇ ಕತ್ತಲಾಗುತ್ತಿತ್ತು.

ಮೂರನೆಯ ಮಹಡಿಯಲ್ಲಿ ನನ್ನ ಮನೆ, ಎದುರಿನದು ಎಪ್ಪತ್ತಾರು ವರ್ಷದ ಹಿರಿಯ ಮಹಿಳೆಯದು. ಒಂಟಿಯಾಗಿದ್ದಾರೆ. ಬೀಗದ ಕೈಯನ್ನು ಅವರ ಬಳಿ ಬಿಟ್ಟು ಹೋಗಿದ್ದೆ. ಬಾಗಿಲು ತೆರೆದಾಗ ಮೇಜಿನ ಮೇಲೆ ಆರು ತಿಂಗಳ ಅಂಚೆ, ತಿಂಗಳಿಗೊಂದು ಕಟ್ಟಿನಂತೆ ರಬ್ಬರ್ ಪಟ್ಟಿ ಸುತ್ತಿ ಇಟ್ಟಿತ್ತು. ಗಿಡಗಳು ಬದುಕಿದ್ದವು. ಬಾಗಿಲಿನ ಹಿಡಿಗೆ ಒಂದು ರಟ್ಟಿನ ಫಲಕ ನೇತಾಡುತ್ತಿತ್ತು. ಅದರ ಹಿಂದೆ ಮಡಿಸಿದ ಚೀಟಿ. ಅದರಲ್ಲಿ ಅಚ್ಚುಕಟ್ಟಾದ ಅಕ್ಷರದಲ್ಲಿ ಹನ್ನೆರಡು ದಿನಾಂಕಗಳು. ಕೆಳಗೆ ಒಂದೇ ಸಾಲು: "ಇಷ್ಟು ವಾರ ನಿಮ್ಮ ಸರದಿಯನ್ನು ನಾನು ಮಾಡಿದ್ದೇನೆ."

ಸ್ಟುಟ್‌ಗಾರ್ಟಿನ ಸುತ್ತಮುತ್ತ, ಶ್ವಾಬಿಯಾ ಸೀಮೆಯಲ್ಲಿ, 'ಕೇರ್‌ವೊಖೆ' ಎಂಬ ಪದ್ಧತಿಯಿದೆ. ಗುಡಿಸುವ ವಾರ ಎಂದು ಅರ್ಥ. ಮನೆಯ ಮೆಟ್ಟಿಲನ್ನು ಆಯಾ ಮಹಡಿಯವರು ವಾರಕ್ಕೊಬ್ಬರಂತೆ ಗುಡಿಸಿ ಒರೆಸಬೇಕು. ಇದು ಸಣ್ಣ ಕೇರ್‌ವೊಖೆ. ಅಂಗಳ, ನೆಲಮಾಳಿಗೆ, ಕಟ್ಟಡದ ಮುಂದಿನ ಕಾಲುದಾರಿ ದೊಡ್ಡದಕ್ಕೆ ಸೇರುತ್ತವೆ. ಯಾರ ಸರದಿಯೋ ಅವರ ಬಾಗಿಲಿಗೆ ಫಲಕ ಬೀಳುತ್ತದೆ. ಇದರ ಬೇರು ಹದಿನೈದನೆಯ ಶತಮಾನದ ಕೊನೆಯಲ್ಲಿ ಎಬರ್ಹಾರ್ಡ್ ದೊರೆ ಊರಿನ ಕೊಳೆ ತೆಗೆಸಲು ಹೊರಡಿಸಿದ ಕಟ್ಟಳೆಯಲ್ಲಿದೆ ಎನ್ನುತ್ತಾರೆ. ಇಂದಿಗೂ ಬಾಡಿಗೆಯ ಕರಾರಿನಲ್ಲಿ ಅದು ಇರುತ್ತದೆ. ನಮ್ಮ ಮಹಡಿಯಲ್ಲಿ ಎರಡೇ ಮನೆ. ಹೊರಡುವ ಮುನ್ನ ಕೂಲಿಗೆ ಯಾರನ್ನಾದರೂ ಗೊತ್ತು ಮಾಡುತ್ತೇನೆಂದು ನಾನು ಹೇಳಿದ್ದೆ. "ಬೇಡ, ನಾನು ನೋಡಿಕೊಳ್ಳುತ್ತೇನೆ" ಎಂದಿದ್ದರು. ಅದನ್ನು ನಾನು ಪ್ರೀತಿಯೆಂದು ತಿಳಿದಿದ್ದೆ. ಈಗ ನೋಡಿದರೆ ಲೆಕ್ಕದ ಚೀಟಿ.

ಆ ರಾತ್ರಿ ನನಗೆ ಬಹಳ ನೋವಾಯಿತು. ನದಿಯ ಮೇಲೆ ಎರಡು ದಿನ ಹೊಟ್ಟೆ ತುಂಬ ಅಂಟನ್ನ ತಿನ್ನಿಸಿದ ಅಜ್ಜಿ ಯಾವ ಚೀಟಿ ಬರೆದುಕೊಂಡಿದ್ದರು? ಮರುದಿನ ಸಾಗರದ ತೊಡೆದೇವು, ಶ್ರೀಲಂಕಾದ ಚಹಾ ಹಿಡಿದು ಎದುರು ಮನೆಗೆ ಹೋದೆ. ಅವರು ಧನ್ಯವಾದ ಹೇಳಿ ತೆಗೆದುಕೊಂಡರು. ಪ್ರವಾಸ ಸುಖವಾಗಿತ್ತೇ ಎಂದು ಕೇಳಿದರು. ಬಳಿಕ, "ಹಾಗಾದರೆ ಸೋಮವಾರದಿಂದ ನೀವು ಆರಂಭಿಸುತ್ತೀರಲ್ಲವೇ?" ಎಂದರು. ನನ್ನ ಸರದಿಯೂ ನನ್ನದೇ, ಹನ್ನೆರಡು ಸಲ ಅವರ ಸರದಿಯೂ ನನ್ನದು. ಎಂದರೆ ಇಪ್ಪತ್ತನಾಲ್ಕು ವಾರ ಎಡೆಬಿಡದೆ ಮೆಟ್ಟಿಲು. ನವೆಂಬರ್ 11ರಂದು ಪೊರಕೆ ಹಿಡಿದೆ.

ಅದೇ ಸಂಜೆ ಸಂತ ಮಾರ್ಟಿನ್ ಹಬ್ಬ. ಮಕ್ಕಳು ಕಾಗದದ ಲಾಂದ್ರ ಹಿಡಿದು, ಹಾಡುತ್ತ ನಮ್ಮ ಬೀದಿಯಲ್ಲಿ ಸಾಗಿ ಹೋದರು. ಪ್ರತಿವರ್ಷ ನೋಡಿದ್ದೆ, ಪ್ರತಿವರ್ಷ ಮುದಗೊಂಡಿದ್ದೆ. ಈ ಸಲ ಕಿಟಕಿಯಲ್ಲಿ ನಿಂತು ಅತ್ತೆ. ಕತ್ತಲು, ಹಾಡು, ಕೈಯಲ್ಲಿ ಬೆಳಕು ಎಲ್ಲವೂ ಇತ್ತು. ಒಂಬತ್ತು ದಿನದ ಹಿಂದೆ ನಾನು ಅಗುಳಿ ತೆಗೆದಿದ್ದ ಆ ಬಾಗಿಲಷ್ಟೇ ಇಲ್ಲಿ ಇರಲಿಲ್ಲ. ಮೆರವಣಿಗೆ ಯಾರ ಮನೆಯ ಮುಂದೆಯೂ ನಿಲ್ಲದೆ ಮುಂದೆ ಹೋಯಿತು. ಲಾಂದ್ರದ ಹಬ್ಬ ಕಂಡು ಸಮಾಧಾನವಾಗಿರಬೇಕಲ್ಲ ಎಂದು ಗೆಳತಿಯರು ಆಮೇಲೆ ಕೇಳಿದ್ದುಂಟು. ನನಗೆ ಆಗಿದ್ದು ಅದಕ್ಕೆ ತದ್ವಿರುದ್ಧ.

ಕಚೇರಿಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ನಾನು ಬಂದ ಎರಡೇ ದಿನಕ್ಕೆ, ನವೆಂಬರ್ 6ರ ರಾತ್ರಿ, ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಜ್ ತಮ್ಮ ಹಣಕಾಸು ಸಚಿವರನ್ನು ವಜಾ ಮಾಡಿ ಮೂರು ಪಕ್ಷಗಳ ಸರ್ಕಾರ ಮುರಿದುಬಿದ್ದಿತ್ತು. ಅಮೆರಿಕದ ಚುನಾವಣೆಯ ಫಲಿತಾಂಶ ಬಂದದ್ದೂ ಅದೇ ದಿನ. ಜೊತೆಗೆ ವಾಹನ ಉದ್ಯಮದಲ್ಲಿ ಕೆಲಸ ಕಳೆದುಕೊಳ್ಳುವ ಭಯ. ಇಂಥ ಹೊತ್ತಿನಲ್ಲಿ ಮೆಕಾಂಗ್ ನದಿಯ ಕಥೆಗೆ ಯಾರ ಬಳಿ ಕಿವಿಯಿರುತ್ತದೆ? "ಹೇಗಿತ್ತು?" ಎಂದು ಕೇಳಿದವರಿಗೆ ಒಂದು ವಾಕ್ಯದ ಉತ್ತರ ಸಾಕಿತ್ತು. ಅವರ ತಪ್ಪಿಲ್ಲ. ನನ್ನ ಬಳಿ ಒಂದು ವಾಕ್ಯದ ಉತ್ತರ ಇರಲಿಲ್ಲ, ಅಷ್ಟೆ. ಕನ್ನಡದ ಸ್ನೇಹಿತರೂ ಚಿತ್ರ ನೋಡಿದರು, ಖರ್ಚೆಷ್ಟಾಯಿತೆಂದು ವಿಚಾರಿಸಿದರು, ಮಾತು ಬೇರೆಡೆಗೆ ಹರಿಯಿತು.

ದೇಹದ ಕಷ್ಟವೂ ಇತ್ತು, ಅದನ್ನು ನಾನು ಕಡೆಗಣಿಸಿದ್ದೆ. ಡಿಸೆಂಬರಿನಲ್ಲಿ ಇಲ್ಲಿ ಬೆಳಗ್ಗೆ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟಿ ಸಂಜೆ ನಾಲ್ಕೂವರೆಗೆ ಮುಳುಗುತ್ತಾನೆ, ಮೋಡವಿದ್ದರೆ ಅದೂ ಕಾಣದು. ಅಂಗೈ ಬಿರಿಯಿತು. ಬಿಸಿಯೂಟದ ಅಭ್ಯಾಸವಾಗಿದ್ದ ಹೊಟ್ಟೆ ಸಂಜೆಯ ತಣ್ಣನೆಯ ಬ್ರೆಡ್ಡನ್ನು ಒಪ್ಪಲಿಲ್ಲ. ಭಾನುವಾರಗಳಂತೂ ನುಂಗಲಾರದಷ್ಟು ಉದ್ದ. ಭಾನುವಾರದ ವಿಶ್ರಾಂತಿಗೆ ಇಲ್ಲಿ ಸಂವಿಧಾನದ ರಕ್ಷಣೆಯಿದೆ, ಅಂಗಡಿಗಳು ಮುಚ್ಚಿರುತ್ತವೆ, ಗದ್ದಲದ ಕೆಲಸ ಮಾಡುವಂತಿಲ್ಲ. ಹೊರಡುವ ಮೊದಲು ಆ ಮೌನವನ್ನು ನಾನು ಪ್ರೀತಿಸುತ್ತಿದ್ದೆ. ಈಗ ಬೇಕೆಂದೇ ಕುಕ್ಕರ್ ಇಟ್ಟು ಅದರ ಶಿಳ್ಳೆ ಕೇಳುತ್ತಿದ್ದೆ. ಅಮ್ಮನಿಗೆ ದಿನವೂ ಕರೆ ಮಾಡುತ್ತಿದ್ದೆ. ನಮ್ಮಿಬ್ಬರ ನಡುವೆ ನಾಲ್ಕೂವರೆ ಗಂಟೆಯ ಅಂತರ. "ಊಟ ಆಯಿತೇನೇ?" ಎಂದು ಅವಳು ಕೇಳುವಷ್ಟರಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು.

ಜನವರಿಯಲ್ಲಿ ಈ ಕುರಿತು ಓದಲು ಕುಳಿತೆ. ಪರದೇಶಕ್ಕೆ ಹೋದವರ ತಳಮಳವನ್ನು 1960ರಲ್ಲಿ ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞ 'ಸಂಸ್ಕೃತಿಯ ಆಘಾತ' ಎಂದು ವಿವರಿಸಿದ್ದರು. ಆಮೇಲೆ 1963ರಲ್ಲಿ ಗಲಾಹಾರ್ನ್ ದಂಪತಿ, ಸ್ವದೇಶಕ್ಕೆ ಮರಳಿದ ಮೇಲೂ ಮನಸ್ಸು ಇನ್ನೊಮ್ಮೆ ಹಾಗೆಯೇ ಕುಸಿದು ಏಳುತ್ತದೆ ಎಂದು ತೋರಿಸಿದರು. ಒಂದು ಕುಸಿತ ಹೋದಾಗ, ಇನ್ನೊಂದು ಬಂದಾಗ, ಹೀಗೊಂದು ಏರಿಳಿತದ ರೇಖೆ. ನನ್ನ ಸ್ಥಿತಿಗೆ ಹೆಸರಿದೆ ಎಂದು ತಿಳಿದು ಧೈರ್ಯ ಬಂತು. ಆದರೆ ಆ ರೇಖೆಯಲ್ಲಿ ನನ್ನ ಜಾಗ ಸಿಗಲಿಲ್ಲ. ಅದರಲ್ಲಿ ಮನೆಯೆಂದರೆ ಒಂದೇ, ಪರದೇಶವೆಂದರೆ ಇನ್ನೊಂದು. ನಾನು ಮರಳಿ ಬಂದದ್ದು ಮನೆಗೇ. ಆದರೆ ಆ ಮನೆಯೂ ಒಂದು ಕಾಲದಲ್ಲಿ ನಾನು ಕಷ್ಟಪಟ್ಟು ಕಲಿತುಕೊಂಡ ಪರದೇಶ. ಕಲಿತದ್ದು ಆರು ತಿಂಗಳಿಗೆ ಹೇಗೆ ಅಳಿಸಿಹೋಯಿತು ಎಂಬುದೇ ನನ್ನನ್ನು ಹೆಚ್ಚು ಕಾಡಿದ್ದು. ಅಳಿಸಿರಲಿಲ್ಲ, ಅದರ ಕೆಳಗಿದ್ದ ಹಳೆಯದು ಮೇಲೆದ್ದು ಬಂದಿತ್ತು ಎಂದು ಈಗ ಅನ್ನಿಸುತ್ತದೆ. ಹ್ವೆ ಪಟ್ಟಣದಲ್ಲಿ ನಾನು ಹೊಸದೇನನ್ನೂ ಕಲಿತಿರಲಿಲ್ಲ. ಹದಿನೆಂಟರ ತನಕ ನಮ್ಮ ಹಳ್ಳಿಯಲ್ಲಿ ಹೇಗಿದ್ದೆನೋ ಹಾಗೆ ಇದ್ದೆ.

ಮೆಟ್ಟಿಲಿನ ಕೆಲಸ ನಡೆದೇ ಇತ್ತು. ಶನಿವಾರ ಬೆಳಗ್ಗೆ ಒಂಬತ್ತಕ್ಕೆ ನಾನು ಬಕೆಟ್ ಇಟ್ಟ ಸದ್ದಾಗುತ್ತಿದ್ದಂತೆ ಎದುರಿನ ಬಾಗಿಲು ತೆರೆಯುತ್ತಿತ್ತು. ಮೊದಮೊದಲು ಅವರು ತಪಾಸಣೆಗೆ ಬರುತ್ತಾರೆಂದು ನನಗೆ ಸಿಟ್ಟು. ಕಂಬಿಯ ಅಡಿಯ ಧೂಳು ತೋರಿಸುತ್ತಿದ್ದರು, ನೀರು ಹೆಚ್ಚಾದರೆ ಮರ ಹಾಳಾಗುತ್ತದೆಂದು ಹೇಳುತ್ತಿದ್ದರು. ಚಳಿ ಹೆಚ್ಚಾದಂತೆ ಅವರು ಒಂದು ಕುರ್ಚಿ ತಂದು ಬಾಗಿಲಲ್ಲಿ ಹಾಕಿಕೊಂಡು ಕೂರತೊಡಗಿದರು. ಮೊಣಕಾಲು ನೋವು ಎಂದು ಆಗ ತಿಳಿಯಿತು. ಆ ಕಾಲಿನಲ್ಲಿಯೇ ಅವರು ನನ್ನ ಹನ್ನೆರಡು ವಾರ ಬಾಗಿ ಒರೆಸಿದ್ದರು. "ಮೊದಲೇ ಏಕೆ ಹೇಳಲಿಲ್ಲ?" ಎಂದೆ. "ಹೇಳಿದ್ದರೆ ನೀವು ಹೋಗುತ್ತಿರಲಿಲ್ಲ" ಎಂದರು. ಪೊರಕೆ ಕೈಯಲ್ಲಿ ಹಿಡಿದು ಸುಮ್ಮನೆ ನಿಂತೆ.

ಕನ್ನಡದಲ್ಲಿ ಋಣ ಎಂಬ ಪದಕ್ಕೆ ಸಾಲ ಎಂಬ ಅರ್ಥವಿದೆ, ನಂಟು ಎಂಬುದೂ ಇದೆ. ಅನ್ನದ ಋಣ, ಮಣ್ಣಿನ ಋಣ ಎನ್ನುತ್ತೇವೆ. ಯಾರಾದರೂ ದೂರವಾದರೆ ಋಣ ತೀರಿತು ಎನ್ನುತ್ತೇವೆ. ಆ ಚೀಟಿಯನ್ನು ನಾನು ಸಾಲವೆಂದು ಮಾತ್ರ ಓದಿಕೊಂಡಿದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ ಕಚೇರಿಯ ಓಣಿಯಲ್ಲಿ ಸಹೋದ್ಯೋಗಿಯೊಬ್ಬರು ಎದುರಾಗಿ "ಮಾಲ್‌ತ್ಸೈಟ್" ಎಂದರು. ಹನ್ನೆರಡು ಗಂಟೆಯ ಹೊತ್ತಿಗೆ ಇಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ವರ್ಷಗಟ್ಟಲೆ ಕೇಳಿದ್ದೆ, ನಾನೂ ಹೇಳಿದ್ದೆ. ಅಂದು ಮಾತ್ರ ಅದರ ಅರ್ಥ ಕಿವಿಗೆ ಬಿತ್ತು: ಊಟದ ಹೊತ್ತು. ಇಲ್ಲಿಯೂ ಜನ ಒಬ್ಬರನ್ನೊಬ್ಬರು ಊಟದ ಹೆಸರಿನಲ್ಲಿಯೇ ಮಾತನಾಡಿಸುತ್ತಿದ್ದರು. ಪ್ರಶ್ನೆಯ ರೂಪ ಇಲ್ಲದ್ದರಿಂದ ನನಗೆ ಗುರುತು ಹತ್ತಿರಲಿಲ್ಲ. ನಾನು ನಿಂತು, "ಇನ್ನೂ ಆಗಿಲ್ಲ, ನಿಮ್ಮದು?" ಎಂದೆ. ಅವರೂ ನಿಂತರು. ಇಬ್ಬರೂ ಕೆಳಗಿಳಿದು ಕ್ಯಾಂಟೀನಿನಲ್ಲಿ ಬೇಳೆ ಮತ್ತು ಶ್ಪೆಟ್ಸ್ಲೆ ಎಂಬ ಇಲ್ಲಿಯ ಶಾವಿಗೆ ತಿಂದೆವು. ಅವರ ತಾಯಿ ಆರೋಗ್ಯ ಕೆಟ್ಟು ಮಲಗಿದ್ದಾರೆಂದು ಗೊತ್ತಾಯಿತು. ಐದು ವರ್ಷ ಜೊತೆಗಿದ್ದರೂ ಅವರಿಗೆ ತಾಯಿಯಿದ್ದಾರೆ ಎಂಬುದೇ ನನಗೆ ತಿಳಿದಿರಲಿಲ್ಲ.

ಮಾರ್ಚ್ ಕೊನೆಗೆ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು, ಅಮ್ಮನಿಗೂ ನನಗೂ ನಡುವಿನ ಅಂತರ ಮೂರೂವರೆ ಗಂಟೆಗೆ ಇಳಿಯಿತು. ಆ ವಾರದ ಒಂದು ರಾತ್ರಿ, ಒಂದೂ ವಾಹನವಿಲ್ಲದ ರಸ್ತೆಯಲ್ಲಿ ಕೆಂಪು ದೀಪಕ್ಕೆ ನಾನೊಬ್ಬಳೇ ಕಾಯುತ್ತ ನಿಂತಿದ್ದೇನೆಂದು ತಟ್ಟನೆ ಅರಿವಾಯಿತು. ನವೆಂಬರಿನಲ್ಲಿ ಹನೋಯ್‌ನ ಅಭ್ಯಾಸದಂತೆ ರಸ್ತೆಗೆ ಇಳಿದುಬಿಟ್ಟು, ಮಕ್ಕಳು ನೋಡುತ್ತಿದ್ದಾರೆಂದು ತಾಯಿಯೊಬ್ಬರಿಂದ ಗದರಿಸಿಕೊಂಡಿದ್ದೆ. ಈಗ ಕಾಲು ತಾನಾಗಿಯೇ ನಿಂತಿತ್ತು. ಹೊಂದಿಕೊಂಡೆ ಎಂದು ತಿಳಿದ ಆ ಗಳಿಗೆ ಸಂತೋಷದ್ದಾಗಿರಲಿಲ್ಲ. ಏನೋ ಕೈಬಿಟ್ಟು ಹೋದ ಹಾಗಿತ್ತು. ದೀಪ ಹಸಿರಾದ ಮೇಲೂ ಸ್ವಲ್ಪ ಹೊತ್ತು ದಾಟಲಿಲ್ಲ.

ಈಸ್ಟರ್ ಮುಗಿದ ಶನಿವಾರ ಕೊನೆಯ ಮೆಟ್ಟಿಲು ಒರೆಸಿ, ಚೀಟಿಯ ಹನ್ನೆರಡನೆಯ ದಿನಾಂಕದ ಮೇಲೆ ಗೆರೆ ಎಳೆದು, ಎದುರು ಮನೆಯ ಗಂಟೆ ಒತ್ತಿದೆ. ಅವರು ಕನ್ನಡಕ ಹಾಕಿಕೊಂಡು ಎಲ್ಲ ಗೆರೆಗಳನ್ನೂ ನೋಡಿದರು. "ಸರಿಯಾಗಿದೆ, ಫ್ರಾವ್..." ಎಂದು ಅಪ್ಪನ ಹೆಸರು ಹೇಳಿದರು. ಈಗ ಆ ಹೆಸರನ್ನು ಅವರು ಬಿಡಿಬಿಡಿಯಾಗಿ, ದೀರ್ಘ ಎಲ್ಲಿದೆಯೋ ಅಲ್ಲಿಯೇ ಎಳೆದು ಹೇಳುತ್ತಾರೆ. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ನಾನೇ ಕಲಿಸಿದ್ದು. ಒಳಗೆ ಕರೆದು ಕಾಫಿ ಕೊಟ್ಟರು. ಮೇ ತಿಂಗಳಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಒಂದು ವಾರ, ಆಮೇಲೆ ಮೂರು ವಾರ ಚಿಕಿತ್ಸಾ ಕೇಂದ್ರದಲ್ಲಿ ಎಂದು ಹೇಳಿದರು. ಮಾತು ಮುಗಿಸಿ ಬಟ್ಟಲಿನತ್ತ ನೋಡುತ್ತ ಕುಳಿತರು.

ನಾನು ಚೀಟಿಯನ್ನು ತಿರುಗಿಸಿ, ಖಾಲಿ ಬದಿಯಲ್ಲಿ ಮೇ ತಿಂಗಳ ಅವರ ಎರಡು ಸರದಿಗಳ ದಿನಾಂಕ ಬರೆದು, ಅವರ ಮುಂದಿಟ್ಟೆ.